ಬ್ರೇಕಕ್ಕನ ಅಳುಮುಖ

ಡ್ರೈವಿಂಗ್ ಕಲಿಸುವ ಆ ಹೆಂಗಸಿಗೆ ಕಲಿಯಲು ಬಂದವರೇ ಇಟ್ಟ ಹೆಸರು ಬ್ರೇಕಕ್ಕ. ಪಕ್ಕದ ಸೀಟಿನಲ್ಲಿ ಕೂತ ಆಕೆಯ ಕಾಲಡಿ ಇನ್ನೊಂದು ಬ್ರೇಕ್ ಇತ್ತು. ಅದನ್ನು ಒತ್ತುವ ಮೊದಲೇ ನಾಲಿಗೆ ಗಾಡಿ ನಿಲ್ಲಿಸುತ್ತಿತ್ತು. ಕ್ಲಚ್ಚು ಬಿಗಿ ಎಂದು ದೂರಿದವರಿಗೆ, "ಕುಣೀಲಾರದೋಳಿಗೆ ನೆಲ ಡೊಂಕು. ಗಾಡಿ ಸರಿಯಾಗಿದೆ, ಕಾಲು ಸರಿ ಮಾಡ್ಕೊಳ್ಳಿ" ಎನ್ನುವಳು. ಲೋಕದಲ್ಲಿ ಆಕೆ ಮೂಗು ಮುರಿಯದ ವಸ್ತು ಕಡಿಮೆ. ಎಲ್ಲಕ್ಕಿಂತ ಹೆಚ್ಚು ತಾತ್ಸಾರ ಇದ್ದದ್ದು ತನ್ನದೇ ಒಂದು ಫೋಟೋದ ಮೇಲೆ.

ಬಡ ಮಕ್ಕಳಿಗೂ ಅವರ ಮನೆಯವರಿಗೂ ನೆರವಾಗುವ ಸಂಸ್ಥೆಯೊಂದು ಊರಲ್ಲಿತ್ತು. ಬೆಳೆಯುತ್ತ ಬೆಳೆಯುತ್ತ ಅದು ಹೊರದೇಶಗಳ ಮಕ್ಕಳಿಗೂ ಕೈ ಚಾಚಿತ್ತು. ಔಷಧಿ ಅಂಗಡಿ, ಬೇಕರಿ, ಬ್ಯಾಂಕು, ಎಲ್ಲಿ ನೋಡಿದರೂ ಅದರ ಕಾಣಿಕೆ ಡಬ್ಬಿ. ಡಬ್ಬಿಯ ಮೇಲೆ ತಲೆ ಕೆದರಿದ, ಮೂಗು ಸೋರುವ, ಬಾಯಿ ಅಗಲಿಸಿ ಅಳುವ ಪುಟ್ಟ ಹುಡುಗಿ. ಆ ಹುಡುಗಿಯೇ ಬ್ರೇಕಕ್ಕ. ಆಕೆಯ ತಲೆಯಲ್ಲಿ ಬಿಳಿ ಕೂದಲು ಮೂಡಿದರೂ ಡಬ್ಬಿಯ ಮೇಲೆ ಮೂಗು ಮಾತ್ರ ಸೋರುತ್ತಲೇ ಇತ್ತು.

ಅತ್ತದ್ದು ಯಾಕೆಂದು ಆಕೆಗೆ ಚೆನ್ನಾಗಿ ನೆನಪಿತ್ತು. ಹಸಿವಿಗಲ್ಲ. ಸಂಸ್ಥೆಯವರು ಕೊಟ್ಟ ಬನ್ನನ್ನು ಅರ್ಧ ತಿಂದಿದ್ದಾಗ ಯಾರೋ ಕೈಯಿಂದ ಕಿತ್ತುಕೊಂಡಿದ್ದರು, ಆಗ ಫೋಟೋ ತೆಗೆದಿದ್ದರು. ಕಿತ್ತವನು ಫೋಟೋ ತೆಗೆದವನೇ ಎಂಬುದರಲ್ಲಿ ಆಕೆಗೆ ಅನುಮಾನವಿರಲಿಲ್ಲ.

"ಕೊಟ್ಟು ಕಿತ್ಕೊಂಡು, ಅಳು ಮಾರೋ ಜನ" ಎಂದು ಡಬ್ಬಿ ಕಂಡಾಗಲೆಲ್ಲ ಹಲ್ಲು ಕಡಿಯುವಳು.

ಹೊಲಿಗೆ ಮಷೀನಿನ ಮುಂದೆ ಕೂತ ಅಮ್ಮ ತಲೆ ಎತ್ತದೆ ಹೇಳುವಳು: "ಉಂಡ ಮನೆ ಜಂತೆ ಎಣಿಸಬೇಡ. ಈ ಮಷೀನು ಅವರು ಕೊಟ್ಟಿದ್ದು. ನೀನು ಓದಿದ್ದು ಇದರಿಂದ."

ಒಂದು ದಿನ ಸಂಸ್ಥೆಯ ಕಾರ್ಯದರ್ಶಿ ಡ್ರೈವಿಂಗ್ ಶಾಲೆಗೇ ಬಂದ. ಬೆಣ್ಣೆಯಲ್ಲಿ ಅದ್ದಿ ತೆಗೆದಂಥ ಮಾತು. ವಾರ್ಷಿಕ ಸಭೆಗೆ ಹೊರದೇಶದ ದಾನಿಗಳು ಬರುತ್ತಾರೆ, ಬ್ರೇಕಕ್ಕ ಆ ಫೋಟೋದ ಪಕ್ಕ ನಿಂತು ನಾಲ್ಕು ಮಾತಾಡಬೇಕು.

"ಸರಳವಾಗಿ ಬನ್ನಿ ಮೇಡಂ. ಈ ಕಪ್ಪು ಕನ್ನಡಕ ಬೇಡ. ಕಾರಲ್ಲಿ ಬರೋದಾದ್ರೆ ಸ್ವಲ್ಪ ದೂರದಲ್ಲೇ ನಿಲ್ಲಿಸಿ."

"ಮೂಗು ಒರೆಸ್ಕೊಂಡು ಬರಬಹುದಾ?"

ಕಾರ್ಯದರ್ಶಿ ಹಲ್ಲು ಕಿರಿದ. ಆಕೆ ಒಪ್ಪಿದಳು. ಒಪ್ಪಿದ್ದು ಬನ್ನಿನ ಕಥೆ ಹೇಳಿ ಅವರ ಮುಖಕ್ಕೆ ಮಂಗಳಾರತಿ ಎತ್ತಲಿಕ್ಕೆ.

ಸಭೆಯ ದಿನ ಕಾರು ತೊಳೆದು, ಅಮ್ಮನನ್ನು ಕೂರಿಸಿಕೊಂಡು ಹೋಗಿ ಬಾಗಿಲೆದುರೇ ನಿಲ್ಲಿಸಿದಳು. ಒಳಗೆ ಗೋಡೆಯೆತ್ತರದ ಫೋಟೋ. ಮುಂದಿನ ಸಾಲಿನವರ ಮುಖದಲ್ಲಿ ಮೊದಲೇ ಇಸ್ತ್ರಿ ಮಾಡಿಸಿ ತಂದಂಥ ಕರುಣೆ. ಬ್ರೇಕಕ್ಕ ಮೈಕು ಹಿಡಿದು, "ಹಸಿದು ಅತ್ತಿದ್ದಲ್ಲ ನಾನು. ಇವರೇ ಕೊಟ್ಟ ಬನ್ನನ್ನ ಇವರೇ ಕಿತ್ಕೊಂಡ್ರು, ಅದಕ್ಕೆ ಅತ್ತೆ" ಎಂದು ಕಡ್ಡಿ ಮುರಿದಂತೆ ಹೇಳಿ ಇಳಿದಳು.

ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಪಕ್ಕದವನು ಎದ್ದು ಚಪ್ಪಾಳೆ ತಟ್ಟಿದ. ಎಲ್ಲರೂ ಎದ್ದರು. ಕಾರ್ಯದರ್ಶಿ ಮೈಕಿಗೆ ಹಾರಿ, "ಒಂದು ಬನ್ನಿಗಾಗಿ ಅತ್ತ ಮಗು ಇಂದು ತಾನೇ ಕಾರು ಓಡಿಸುತ್ತಿದೆ" ಎಂದ. ಕಪಾಳಕ್ಕೆ ಬಿಗಿದರೆ ಅದನ್ನೂ ಆಶೀರ್ವಾದವೆಂದು ಸ್ವೀಕರಿಸುವ ಜನ.

ಹಿಂದಿರುಗುವಾಗ ಆಕೆ ದಾರಿಯುದ್ದಕ್ಕೂ ಉರಿದುಬಿದ್ದಳು. ಸಭೆಯಲ್ಲಿ ಕೊಟ್ಟ ಬಿಸ್ಕತ್ತು ತಿನ್ನುತ್ತಿದ್ದ ಅಮ್ಮ ಮೆಲ್ಲಗೆ, "ಕಿತ್ಕೊಂಡಿದ್ದು ಅವರಲ್ಲ ಕಣೇ. ನಾನು" ಎಂದಳು.

ಬ್ರೇಕಕ್ಕ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು.

"ಫೋಟೋ ತೆಗೆಯೋ ಆ ಪೆದ್ದ ನಿನ್ನ ಅಳಿಸೋಕೆ ಏನೇನೋ ಮಾಡಿದ, ನೀನು ನಗ್ತಾನೇ ಇದ್ದೆ. ನಗೋ ಮಗು ಇರೋ ಮನೆಗೆ ಮಷೀನು ಯಾರು ಕೊಡ್ತಾರೆ? ಮಷೀನಿಗೆ ಅಂತ ಸಾಲಲ್ಲಿ ಅಷ್ಟೊಂದು ಹೆಂಗಸರು ನಿಂತಿದ್ರು. ಕಿತ್ಕೊಂಡೆ. ಬೆನ್ನಿಗೆ ಒಂದು ಬಿಟ್ಟೆ ಕೂಡ."

"ಮತ್ತೆ ಅವರು ದೊಡ್ಡ ಮನುಷ್ಯರು ಅಂತ ಇಷ್ಟು ವರ್ಷ ಹೊಗಳಿದ್ದು?"

"ಯಾವತ್ತು ಹೊಗಳ್ದೆ? ಸುಮ್ನಿರು ಅಂದೆ ಅಷ್ಟೆ. ಅವರ ಯೋಗ್ಯತೆ ನಿನಗಿಂತ ನಂಗೆ ಚೆನ್ನಾಗಿ ಗೊತ್ತು. ಅವರಿಗೆ ಅಳು ಬೇಕಿತ್ತು, ಕೊಟ್ಟು ನನ್ನ ಕೆಲಸ ಮಾಡ್ಕೊಂಡೆ. ನೀನು ಇವತ್ತು ಬಾಯಿ ನೋಯಿಸ್ಕೊಂಡು ಏನು ತಂದೆ? ಎರಡು ಬಿಸ್ಕತ್ತು."

ಬ್ರೇಕಕ್ಕನಿಗೆ ಬಾಯಿಗೆ ಬಂದದ್ದು ಒಂದೇ ಪ್ರಶ್ನೆ. "ಉಳಿದ ಬನ್ನು ಏನು ಮಾಡ್ದೆ?"

"ತಿಂದೆ" ಎಂದಳು ಅಮ್ಮ. "ಹಿಂದಿನ ದಿನದಿಂದ ನಾನು ಏನೂ ತಿಂದಿರಲಿಲ್ಲ."

ಬ್ರೇಕಕ್ಕ ಗಾಡಿಯನ್ನು ಮತ್ತೆ ರಸ್ತೆಗಿಳಿಸಿದಳು. ಅಮ್ಮನ ಮೇಲೆ ಸಿಟ್ಟೇ ಬರಲಿಲ್ಲ; ಇಷ್ಟು ವರ್ಷ ಹಸಿವಿರಲಿಲ್ಲ ಎಂದು ಸಾರಿಕೊಂಡು ಬಂದ ತನ್ನ ಮೇಲೆ ನಾಚಿಕೆಯಾಯಿತು.

ಮರುವಾರ ಆಕೆ ಸಂಸ್ಥೆಯ ಕಚೇರಿಗೆ ಹೋದಳು. ಹೊಸ ಡಬ್ಬಿಗಳ ಮೇಲೆ ಅದೇ ಮುಖ, ಅಡಿಯಲ್ಲಿ ಬನ್ನಿನ ಕಥೆ ಬೇರೆ. ಕಾರ್ಯದರ್ಶಿ ಖುಷಿಯಿಂದ ತೋರಿಸಿದ.

"ಚೆನ್ನಾಗಿದೆ" ಎಂದಳು. "ಈ ಮುಖ ಬೇಕು ಅಂದ್ರೆ ನಿಮ್ಮಲ್ಲಿಗೆ ಬರೋ ಅಮ್ಮಂದಿರನ್ನ ನನ್ನ ಹತ್ರ ಡ್ರೈವಿಂಗ್ ಕಲಿಯೋಕೆ ಕಳಿಸಿ, ನಿಮ್ಮ ಖರ್ಚಲ್ಲಿ. ಇಲ್ಲ ಅಂದ್ರೆ ಪ್ರತಿ ಸಭೆಗೂ ಬಂದು, ಮಷೀನು ಬೇಕಾದ್ರೆ ಇಲ್ಲಿ ಮಗು ಅಳಬೇಕಿತ್ತು, ಅದಕ್ಕೆ ಹಸಿದ ನಮ್ಮಮ್ಮನೇ ನನ್ನ ಅಳಿಸಿದ್ಲು ಅಂತ ಹೇಳ್ತೀನಿ."

ಬೆಣ್ಣೆಯ ಮಾತು ಕರಗಿಹೋಯಿತು. ಆತ ಒಪ್ಪಿದ.

ಆ ಅಮ್ಮಂದಿರು ಈಗ ಗುಂಪಾಗಿ ಬರುತ್ತಾರೆ. ಅವರಿಗೂ ಬೈಗುಳದಲ್ಲಿ ರಿಯಾಯಿತಿ ಇಲ್ಲ. ಮೊನ್ನೆ ಒಬ್ಬಳು ಸ್ಟೀರಿಂಗ್ ಬಿಟ್ಟು ಕೈ ಮುಗಿದು, "ನೀವು ದೇವರಂಥವರು ಅಕ್ಕ" ಎಂದಳು.

"ಹೊಗಳೋದು ಆಮೇಲೆ" ಎಂದಳು ಬ್ರೇಕಕ್ಕ. "ಹಿಂದೆ ಲಾರಿ ಬರ್ತಿದೆ, ಕನ್ನಡಿ ನೋಡು."