ಬಾಪು ಗೌಂಡಿಯ ದೀಡ ಫೂಟು

ಬಾಪು ಗೌಂಡಿ ಮನೆಯ ಎತ್ತರವನ್ನು ಟೇಪಿನಿಂದ ಅಳೆಯುತ್ತಿರಲಿಲ್ಲ, ಅಂಗಿಯಿಂದ ಅಳೆಯುತ್ತಿದ್ದ. ನೆಲ ಏರಿಸಬೇಕೆಂದು ಯಾರಾದರೂ ಕರೆದರೆ ಮೊದಲು ಒಂದಿಷ್ಟು ಇಟ್ಟಂಗಿ ತರಿಸಿ, ಎಷ್ಟು ಏರಿಸಬೇಕೋ ಅಷ್ಟು ಎತ್ತರಕ್ಕೆ ತೊಲೆಯ ಕೆಳಗೆ ಪೇರಿಸುತ್ತಿದ್ದ. ಮನೆಯಲ್ಲಿ ಎಲ್ಲರಿಗಿಂತ ಎತ್ತರದ ಗಂಡಸನ್ನು ಅದರ ಮೇಲೆ ಹತ್ತಿಸಿ, ಅಂಗಿ ಬಿಚ್ಚಿಸಿ, "ಈಗ ಹಾಕ್ಕೋರಿ" ಎನ್ನುತ್ತಿದ್ದ. ತಲೆಯ ಮೇಲಿಂದ ಅಂಗಿ ಇಳಿಸಿಕೊಳ್ಳುವಾಗ ಎರಡೂ ಕೈ ಮೇಲೆ ಹೋಗಲೇಬೇಕಲ್ಲ. ಬೆರಳು ತೊಲೆಗೆ ಬಡಿದರೆ ಒಂದು ಸಾಲು ಇಟ್ಟಂಗಿ ತೆಗೆದು ಮತ್ತೆ ಅಂಗಿ ಬಿಚ್ಚಿಸುತ್ತಿದ್ದ. ಊರಿನ ದೊಡ್ಡ ದೊಡ್ಡ ಮಂದಿಯ ಹೊಟ್ಟೆ ನೋಡಿದವನು ಅವನೊಬ್ಬನೇ ಇರಬೇಕು.

"ಟೇಪ ಹಿಡದ್ರ ಮನಿ ಎತ್ತರ ಸಿಗತೈತಿ, ಮನಷ್ಯಾನ ಎತ್ತರ ಸಿಗಾಂಗಿಲ್ರಿ" ಎಂಬುದು ಅವನ ವೇದಾಂತ. ಅವನೋ ಐದು ಫೂಟೂ ಇರಲಿಲ್ಲ. ನಾನೊಮ್ಮೆ ಚೇಷ್ಟೆಗೆ, "ಕಾಕಾ, ನೀವಽ ಇಟ್ಟಂಗಿ ಮ್ಯಾಲ ನಿಂತ್ರ ಲಗೂನ ಮುಗೀತೈತಲ್ರಿ" ಎಂದೆ. "ನನ್ನ ಅಳತಿಗೆ ಕಟ್ಟಿದ್ರ ಐನಾಪುರ ತುಂಬ ಕೋಳಿಗೂಡ ಆಕ್ಕಿದ್ವು, ಅಕ್ಕಾರ" ಎಂದು ನಗದೆಯೇ ಹೇಳಿದ.

ನಮ್ಮೂರಿನಲ್ಲಿ ಅವನಿಗೆ ಕೆಲಸ ಕಡಿಮೆಯಾದದ್ದೇ ಇಲ್ಲ. ಹಳೆಯ ರಸ್ತೆ ಅಗೆದು ಹೊಸದು ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಇದ್ದದ್ದರ ಮೇಲೆಯೇ ಕಾಂಕ್ರೀಟು ಸುರಿಯುತ್ತಾರೆ. ನಾಲ್ಕೈದು ವರ್ಷಕ್ಕೊಮ್ಮೆ ರಸ್ತೆ ಒಂದು ಗೇಣು ಬೆಳೆಯುತ್ತದೆ, ಮನೆಗಳು ಇದ್ದಲ್ಲೇ ಕುಳಿತಿರುತ್ತವೆ. ಕೊನೆಗೆ ಒಂದು ಮಳೆಗೆ ಗಟಾರದ ನೀರು ಹೇಳದೆ ಕೇಳದೆ ಅಡಿಗೆಮನೆಗೇ ಬರುತ್ತದೆ. ಆಗ ಎಲ್ಲರಿಗೂ ಬಾಪುವಿನ ನೆನಪಾಗುತ್ತಿತ್ತು.

ಅವನ ಮಾತು ಕೇಳದವರ ಕತೆಯನ್ನು ಅವನು ಚಹಾದ ಜೊತೆ ಹೇಳುತ್ತಿದ್ದ. ಮಂಗಸೂಳಿಯ ಒಬ್ಬ ಯಜಮಾನರು ಇವನನ್ನು ಬಿಟ್ಟು ಬೇರೆಯವರಿಂದ ಎರಡು ಫೂಟು ಮುರುಮು ಮಣ್ಣು ತುಂಬಿಸಿ ಮೇಲೆ ಫರಶಿ ಕಲ್ಲು ಹಾಸಿಸಿದರಂತೆ. ನೀರು ಬರುವುದೇನೋ ನಿಂತಿತು. ಆದರೆ ಫ್ಯಾನು ಬಿಚ್ಚಿಡಬೇಕಾಯಿತು. "ಒಂದ ಛಲೋ ಆತ್ರಿ. ಅವರ ಅಳಿಯಾ ಭಾಳ ಸೊಕ್ಕಿನಾಂವ ಇದ್ದ. ಈಗ ಮಾವನ ಮನಿಗೆ ಬಂದ್ರ ಹೋಗೂತನಕಾ ತಲಿ ಬಗ್ಗಿಸಿಕೊಂಡ ಇರತಾನ."

ನಮ್ಮ ಮನೆಗೆ ಅವನು ಬಂದದ್ದು ನಾನು ಈ ಮನೆಗೆ ಸೊಸೆಯಾಗಿ ಬಂದ ನಾಲ್ಕನೆಯ ಮಳೆಗಾಲ ಮುಗಿದ ಮೇಲೆ. ನಮ್ಮದು ಮಣ್ಣಿನ ಗೋಡೆಯ, ಸಾಗವಾನಿ ತೊಲೆಗಳ ಹಳೆಯ ಮಾಳಿಗೆ ಮನೆ. ತೊಲೆ ಎತ್ತಲು ಹೋದರೆ ಗೋಡೆಯೂ ಜೊತೆಗೆ ಬರುತ್ತದೆ ಎಂದು ಬಾಪು ಮೊದಲೇ ಹೇಳಿಬಿಟ್ಟ. ಹಾಗಾಗಿ ನೆಲವನ್ನೇ ಏರಿಸಬೇಕು. ಎದುರುಮನೆಯವರು ಒಂದು ಫೂಟು ಏರಿಸಿದ್ದರು. ನಮ್ಮ ಮಾವನವರಿಗೆ ದೀಡ ಫೂಟು ಬೇಕಿತ್ತು, ಅಂದರೆ ಒಂದೂವರೆ. ಕಾರಣ ನೀರು ಎಂದು ಅವರು ಹೇಳುತ್ತಿದ್ದರು. ಕಾರಣ ಎದುರುಮನೆ ಎಂದು ನಮಗೆಲ್ಲ ಗೊತ್ತಿತ್ತು.

ಮಾವನವರ ಎತ್ತರ ಐದು ಫೂಟು ನಾಲ್ಕಿಂಚು. ಅವರಿಗೆ ಯಾವ ತೊಲೆಯ ಹಂಗೂ ಇರಲಿಲ್ಲ. ಆದರೆ ಮನೆಯಲ್ಲಿ ಅವರ ಅಣ್ಣ, ನಮ್ಮ ದೊಡ್ಡ ಮಾವ ಇದ್ದರು. ಆರು ಫೂಟು ಎರಡಿಂಚು, ಮದುವೆಯಾಗದ ಜೀವ. ಆಯುಷ್ಯವೆಲ್ಲ ಶಾಲೆಯಲ್ಲಿ ಡ್ರಿಲ್ ಮಾಸ್ತರಿಕೆ ಮಾಡಿ, "ನೆಟ್ಟಗ ನಿಲ್ರಿ" ಎಂದು ಸಾವಿರಾರು ಮಕ್ಕಳ ಬೆನ್ನು ತಿದ್ದಿದವರು. ಎಪ್ಪತ್ತು ದಾಟಿದರೂ ತಮ್ಮ ಬೆನ್ನನ್ನು ಸಡಿಲ ಬಿಟ್ಟವರಲ್ಲ.

ಬಾಪು ಅವರನ್ನು ಇಟ್ಟಂಗಿಯ ಮೇಲೆ ಹತ್ತಿಸಿದ. ಅಂಗಿಯ ಮಾತು ದೂರ ಉಳಿಯಿತು, ಪೂರ್ತಿ ನಿಲ್ಲುವ ಮೊದಲೇ ತಲೆ ತೊಲೆಗೆ ಬಡಿಯಿತು.

"ಅಣ್ಣಾ, ನೀ ಜರಾ ಬಗ್ಗಿ ನಡದ್ರ ಆತಲ್ಲ. ವಯಸ್ಸಾದ ಮ್ಯಾಲ ಎಲ್ಲಾರೂ ಬಗ್ಗತಾರ" ಎಂದರು ಮಾವನವರು.

ದೊಡ್ಡ ಮಾವ ಕತ್ತು ಬಗ್ಗಿಸಿಕೊಂಡು ಇಟ್ಟಂಗಿಯ ಮೇಲೆ ಹಾಗೇ ನಿಂತಿದ್ದರು. "ನಡೀತೈತಿ ತಗೋ. ಮನ್ಯಾಗ ನೀರ ಬರೂದು ಬ್ಯಾಡ" ಎಂದರು. ನನಗೆ ಮಾವನವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಸೊಸೆಯ ಬಾಯಿ, ಮುಚ್ಚಿಕೊಂಡೆ. ಬಾಪು ಇಬ್ಬರ ಮುಖವನ್ನೂ ನೋಡಿ, "ಆತ್ರಿ, ದೀಡ ಫೂಟಂದ್ರ ದೀಡ ಫೂಟ" ಎಂದು ಇಟ್ಟಂಗಿ ಎತ್ತಿಟ್ಟ. ಇವನೂ ಹೀಗೇನಾ ಎಂದು ನನಗೆ ಅವನ ಮೇಲೂ ಮುನಿಸಾಯಿತು.

ಕೆಲಸ ಹದಿನೈದು ದಿನ ನಡೆಯಿತು. ನಮ್ಮದು ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ. ಬಾಪು ಅದನ್ನು ಚೆನ್ನಾಗಿ ಬಳಸಿಕೊಂಡ. ಐದು ಹೊಡೆಯಿತೆಂದರೆ ಗಾರೆ ಮೆತ್ತುವ ಥಾಪಿ ತೊಳೆದಿಟ್ಟು, "ಅಕ್ಕಾರ, ನನ್ನ ಸಲವಾಗಿ ನಿಮ್ಮ ಧರ್ಮಾ ಕೆಡೂದು ಬ್ಯಾಡ, ತಾಟ ಹಾಕ್ರಿ" ಎಂದು ಕುಳಿತುಬಿಡುತ್ತಿದ್ದ. ಕೊನೆಯ ದಿನ, ಎದುರುಮನೆಯವರು ಹೊರಗೆ ನಿಂತಿರುವ ಹೊತ್ತು ನೋಡಿ, ಜೀವನದಲ್ಲಿ ಮೊದಲ ಸಲವೋ ಏನೋ ಟೇಪು ಹೊರತೆಗೆದ. ಹಳೆಯ ಹೊಸ್ತಿಲಿನ ಗುರುತಿನಿಂದ ಹೊಸ ಹೊಸ್ತಿಲಿಗೆ ಹಿಡಿದು, ಓಣಿಗೆಲ್ಲ ಕೇಳುವಂತೆ, "ದೀಡ ಫೂಟ, ಮ್ಯಾಲ ಒಂದ ದಾರದಷ್ಟ" ಎಂದು ಕೂಗಿದ. ಮಾವನವರು ಅಂದು ಕಟ್ಟೆ ಬಿಟ್ಟು ಒಳಗೆ ಬರಲೇ ಇಲ್ಲ.

ಗುಟ್ಟು ನನಗೆ ತಿಳಿದದ್ದು ಒಂದು ನಿಂಬೆಹಣ್ಣಿನಿಂದ. ಪಡಸಾಲೆಯಲ್ಲಿ ಕೈಯಿಂದ ಜಾರಿದ ಹಣ್ಣು ಸುಮ್ಮನೆ ನಿಲ್ಲದೆ ಉರುಳುತ್ತಾ ಉರುಳುತ್ತಾ ನಡುಮನೆ ದಾಟಿ, ಹಿಂದಿನ ಕೋಣೆಯಲ್ಲಿ ದೊಡ್ಡ ಮಾವನ ಹೊರಸಿನ ಕೆಳಗೆ ಹೋಗಿ ನಿಂತಿತು. ಹೊರಸಿನ ಎರಡು ಕಾಲಿಗೆ ಫರಶಿಯ ತುಂಡು ಕೊಟ್ಟದ್ದೂ ಆಗಲೇ ಕಂಡಿತು. ಬಾಪು ಹೊಸ್ತಿಲಲ್ಲಿ ದೀಡ ಫೂಟು ಕಟ್ಟಿ, ಅಲ್ಲಿಂದ ಯಾರಿಗೂ ಗೊತ್ತಾಗದ ಹಾಗೆ ಇಳಿಸುತ್ತಾ ಹೋಗಿ, ಹಿಂದೆ ಅರ್ಧ ಫೂಟಿಗೆ ತಂದು ನಿಲ್ಲಿಸಿದ್ದ. ಬಾಗಿಲಲ್ಲಿ ಬಗ್ಗಿದ ದೊಡ್ಡ ಮಾವ ನಡುಮನೆಗೆ ಬರುವಷ್ಟರಲ್ಲಿ ನೆಟ್ಟಗಾಗುತ್ತಿದ್ದರು.

ಮುಂದಿನ ಸಲ ಬಾಪು ಸಿಕ್ಕಾಗ ಹಿಡಿದು ಕೇಳಿದೆ. ಅವನು ಕಿವಿಯ ಮೇಲಿನ ಪೆನ್ಸಿಲು ತೆಗೆದು ತಲೆ ಕೆರೆದುಕೊಂಡ.

"ಮಾವಾರ ಮುಂದ ಹೇಳಬ್ಯಾಡ್ರಿ, ಅಕ್ಕಾರ. ಅವರಿಗೆ ಬೇಕಾಗಿದ್ದು ಓಣಿಗೆ ಕಾಣೂ ಎತ್ತರ, ಅದನ್ನ ಬಾಗಲದಾಗ ಇಟ್ಟೇನಿ. ಮಾಸ್ತರ್ರಿಗೆ ಬೇಕಾಗಿದ್ದು ಒಳಗ ಇಟ್ಟೇನಿ. ಕೇಳಿದ್ರ ಒಬ್ಬರಾದ್ರೂ ಒಲ್ಲೆ ಅಂತಿದ್ರು, ಅದಕ್ಕ ಯಾರಿಗೂ ಕೇಳಲಿಲ್ಲ."

ನಾನು ಹೇಳಲಿಲ್ಲ. ಹನ್ನೊಂದು ವರ್ಷ ಹೇಳಲಿಲ್ಲ. ನೆಲ ತೊಳೆದ ನೀರು ತಾನಾಗಿಯೇ ಹಿಂದಿನ ಬಚ್ಚಲಿಗೆ ಹೋಗುತ್ತಿದ್ದುದರಿಂದ ನನಗೂ ಅದರಲ್ಲಿ ಲಾಭವಿತ್ತು.

ಹೋದ ಚಳಿಗಾಲದಲ್ಲಿ ಬಾಪು ತೀರಿಕೊಂಡ. ಎರಡು ದಿನ ಜ್ವರ, ಮೂರನೆಯ ದಿನ ಇಲ್ಲ. ಈ ಬೇಸಿಗೆಯಲ್ಲಿ ಮಾವನವರು ಫರಶಿ ತೆಗೆಸಿ ಟೈಲ್ಸ್ ಹಾಕಿಸಲು ರಾಯಬಾಗದಿಂದ ಒಬ್ಬ ಗುತ್ತಿಗೆದಾರನನ್ನು ಕರೆಸಿದರು. ಅವನು ಪಡಸಾಲೆಯಲ್ಲಿ ಮಟ್ಟ ನೋಡುವ ಒಂದು ಸಣ್ಣ ಯಂತ್ರ ಇಟ್ಟು ಗುಂಡಿ ಒತ್ತಿದ. ಮುಂದಿನಿಂದ ಹಿಂದಿನವರೆಗೆ ಗೋಡೆಯ ಮೇಲೆ ಕೆಂಪು ಗೆರೆ ಮೂಡಿತು. ಮುಂದೆ ನೆಲಕ್ಕೆ ಅಂಟಿಕೊಂಡಿದ್ದ ಗೆರೆ ಹಿಂದೆ ಮೀನಖಂಡದವರೆಗೆ ಮೇಲಿತ್ತು.

"ಯಾಂವ ಮಾಡ್ಯಾನ್ರಿ ಇದನ್ನ? ಹಿಂದ ಒಂದ ಫೂಟ ತಗ್ಗೈತಿ. ಮುರುಮ ತುಂಬಿ ಲೆವಲ್ ಮಾಡಿಬಿಡೂಣ್ರಿ."

ಮಾವನವರು ಆ ಗೆರೆಯನ್ನೇ ನೋಡಿದರು. ಆಮೇಲೆ ಹಿಂದಿನ ಕೋಣೆಯ ಕಡೆ ನೋಡಿದರು. ಅಲ್ಲಿ ಎಂಬತ್ತೆರಡರ ದೊಡ್ಡ ಮಾವ ತೊಲೆಯ ಕೆಳಗೆ, ಕೈ ಹಿಂದೆ ಕಟ್ಟಿಕೊಂಡು, ನೆಟ್ಟಗೆ ನಿಂತಿದ್ದರು.

"ಏನೂ ತುಂಬಬ್ಯಾಡ. ಹೆಂಗ ಐತಿ ಹಂಗ ಹಾಕು" ಎಂದರು ಮಾವನವರು. "ಆ ಗೌಂಡಿ ನನ್ನ ಕೇಳೇ ಮಾಡ್ಯಾನ."

ಬಾಪು ಸತ್ತ ಸುದ್ದಿ ಬಂದಾಗ ನನಗೆ ಅಳು ಬಂದಿರಲಿಲ್ಲ. ಮಾವನವರ ಈ ಮಾತು ಕೇಳಿ ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ.