ದೊಡ್ಡವ್ವನ ಮೂರನೇ ದೀಕ್ಷಾಸ್ನಾನ

"ನಿಮ್ಮ ಮನಿ ಮುಂದ ಸಂಪ್ ಅದಲ್ಲ, ಅದು ಎಷ್ಟು ಆಳ ಅದ?"

ಕಮಲಾಪುರದಿಂದ ಬಂದ ದೊಡ್ಡವ್ವ ಚಪ್ಪಲಿ ಬಿಡುವ ಮೊದಲೇ ಕೇಳಿದ ಪ್ರಶ್ನೆ ಇದು. ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚೀಲ, ಮುಖದಲ್ಲಿ ಕೋರ್ಟಿಗೆ ಹೊರಟವರ ಗಾಂಭೀರ್ಯ. ನೀರಿನ ತೊಂದರೆ ವಿಚಾರಿಸುತ್ತಿದ್ದಾಳೆ ಎಂದುಕೊಂಡೆ. ಬೇಸಿಗೆಯಲ್ಲಿ ಕಲಬುರಗಿಯ ಯಾರ ಮನೆಗೆ ಹೋದರೂ ಮೊದಲು ಬರುವ ಮಾತು ಅದೇ ತಾನೆ?

"ನಿಂತ್ರ ಎದಿ ಮಟ ಬರ್ತದ ದೊಡ್ಡವ್ವಾ. ಯಾಕ?"

"ಸಾಕು. ಅಷ್ಟಾದ್ರ ನಾ ಪೂರಾ ಮುಳುಗ್ತೀನಿ."

ಗಾಬರಿಯಾಗಬೇಡಿ. ನಾನಂತೂ ಆದೆ. ಆಮೇಲೆ ಗೊತ್ತಾಯಿತು, ಅವಳಿಗೆ ಬೇಕಾಗಿದ್ದದ್ದು ದೀಕ್ಷಾಸ್ನಾನ. ಅದೂ ನಮ್ಮ ಸಂಪಿನಲ್ಲಿ. (ನಾವು ಕುಡಿಯುವ ನೀರು ಸ್ವಾಮಿ ಅದು!) ಅದೂ ಮೊದಲನೆಯದಲ್ಲ, ಎರಡನೆಯದೂ ಅಲ್ಲ, ಮೂರನೆಯದು.

ನಮ್ಮ ಕ್ರೈಸ್ತರಲ್ಲಿ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಂ, ಎನ್ನುವುದು ಜೀವಮಾನಕ್ಕೊಂದೇ ಸಲ. ಆದರೆ ನಮ್ಮ ದೊಡ್ಡವ್ವ ಮಾರ್ತವ್ವ, ನನ್ನ ಅವ್ವನ ಅಕ್ಕ, ಒಂದಕ್ಕೇ ಸಮಾಧಾನ ಪಡುವವಳಲ್ಲ. ಅಡುಗೆಗೆ ಉಪ್ಪು ಹಾಕಿದ ಮೇಲೂ "ಹಾಕೀನೋ ಇಲ್ಲೋ" ಎಂದು ಇನ್ನೊಂದು ಚಿಟಿಕೆ ಹಾಕುವ ಪೈಕಿ. ಎಪ್ಪತ್ತು ದಾಟಿದೆ. ಕಮಲಾಪುರದಲ್ಲಿ ಅಂಗನವಾಡಿ ನಡೆಸಿ ನಿವೃತ್ತಳಾದವಳು. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಚರ್ಚಿನಲ್ಲಿ ಹಾಡು ಶುರುವಾದರೆ ಹಾರ್ಮೋನಿಯಂ ಅವಳ ಹಿಂದೆ ಓಡಬೇಕು, ಅಂಥ ಗಂಟಲು.

ಮೊದಲ ದೀಕ್ಷಾಸ್ನಾನ ಕೂಸಿದ್ದಾಗ ಆಯಿತು. ಚರ್ಚಿನ ಅಯ್ಯನವರು ತಲೆಗೆ ನೀರು ಚಿಮುಕಿಸಿದರು, ಕೂಸು ಅತ್ತಿತು, ಎಲ್ಲರೂ ಊಟ ಮಾಡಿದರು. ನಡುವಯಸ್ಸಿನಲ್ಲಿ ಊರಿಗೆ ಬಂದ ಹೊಸ ಸಭೆಯವರು, ಅಂದರೆ ಬೇರೆ ಚರ್ಚಿನವರು, "ಚಿಮುಕಿಸಿದ್ರ ಆಗೂದಿಲ್ಲ, ಮುಳುಗಬೇಕು" ಎಂದರು. ಸರಿ, ಒಬ್ಬ ವಿಶ್ವಾಸಿಯ ಬಾಳೆತೋಟದ ಹೊಂಡದಲ್ಲಿ ಎರಡನೆಯದು. ಅದು ಮೇ ತಿಂಗಳು. ಹೊಂಡದಲ್ಲಿ ಮೊಣಕಾಲಿಗಿಂತ ಸ್ವಲ್ಪ ಮೇಲೆ ನೀರು. ಪಾಸ್ಟರ್ ಅವಳನ್ನು ಹಿಂದಕ್ಕೆ ಬಾಗಿಸಿದರು. ಇವಳು ಹೆದರಿ ಅವರ ಕೊರಳು ಹಿಡಿದುಕೊಂಡಳು. ಇಬ್ಬರೂ ಜಾರಿ ಕೆಸರಲ್ಲಿ ಕೂತರು. ಮೈಯೆಲ್ಲ ಒದ್ದೆಯಾಯಿತು, ಹಣೆ ಮಾತ್ರ ಒಣಗಿಯೇ ಉಳಿಯಿತು.

ಇಷ್ಟು ವರ್ಷ ಇದು ನಮ್ಮ ಮನೆಯ ನಗೆಮಾತಾಗಿತ್ತು. ಸ್ವತಃ ದೊಡ್ಡವ್ವನೇ ಕೈ ಬೀಸಿ ಬೀಸಿ ಹೇಳುತ್ತಿದ್ದಳು.

ಈಚೆಗೆ ಅದೇ ಮಾತು ಮುಳ್ಳಾಯಿತು. ಅವರ ಓಣಿಯ ಮನೆಕೂಟದ ಪ್ರಾರ್ಥನೆಗೆ ಬೋಧನೆ ಮಾಡಲು ಎಲ್ಲಿಂದಲೋ ಒಬ್ಬ ಪ್ರಸಂಗಿ ಬಂದಿದ್ದನಂತೆ. ಕೂತವರಿಗೆಲ್ಲ ಒಬ್ಬೊಬ್ಬರಾಗಿ ಕೇಳಿದ, "ನೀವು ರಕ್ಷಣೆ ಹೊಂದಿದ ದಿನ ಯಾವುದು? ಸಾಕ್ಷಿ ಹೇಳಿ." ರಕ್ಷಣೆ ಎಂದರೆ ಪಾಪದಿಂದ ಬಿಡುಗಡೆ, ಅದು ಯಾವಾಗ ಸಿಕ್ಕಿತೆಂದು ನಾಲ್ಕು ಜನರೆದುರು ಹೇಳುವುದೇ ಸಾಕ್ಷಿ, ಇದು ನಮ್ಮ ಕೂಟಗಳಲ್ಲಿ ಇರುವ ಪದ್ಧತಿಯೇ. ಒಬ್ಬಳು ಮದುವೆಯ ತಾರೀಖಿನ ಹಾಗೆ ತಟ್ಟನೆ ಹೇಳಿದಳು. ಇನ್ನೊಬ್ಬಳು ಗಂಟೆಯನ್ನೂ ಸೇರಿಸಿ ಹೇಳಿದಳು. ದೊಡ್ಡವ್ವನ ಸರದಿ ಬಂತು. "ಹೊಂಡದಾಗ ಇಳಿದ ದಿನ ಇರಬೇಕ್ರಿ" ಎಂದಳು. ಪಕ್ಕದವಳು ಕಿಸಕ್ಕನೆ ನಕ್ಕಳು. "ಅವತ್ತ ನಿನ್ನ ಹಣಿಗಿ ನೀರೇ ಹತ್ತಿಲ್ಲಲ್ಲ!"

ಎಲ್ಲರೂ ನಕ್ಕರು. ಪ್ರಸಂಗಿ ನಗಲಿಲ್ಲ. "ಹಾಗಾದರೆ ಅದು ನಡೆಯುವುದಿಲ್ಲ ತಾಯಿ. ನಿಮಗೆ ರಕ್ಷಣೆಯ ನಿಶ್ಚಯ ಇಲ್ಲ" ಎಂದುಬಿಟ್ಟ. ಆಮೇಲೆ ಚಹಾ ಕುಡಿದು ಬಸ್ ಹತ್ತಿ ಹೋದ.

ಅವನು ಹೋದ, ಮಾತು ಉಳಿಯಿತು. ದೊಡ್ಡವ್ವ ಹಾಡುವುದನ್ನು ಬಿಟ್ಟಳು. ನಿಮಗೆ ಅದರ ತೂಕ ತಿಳಿಯಲಿಕ್ಕಿಲ್ಲ. ನಮಗೆ ತಿಳಿಯಿತು. (ಆ ಪ್ರಸಂಗಿ ಮತ್ತೆ ಸಿಕ್ಕರೆ ಇನ್ನೊಂದು ಕಪ್ ಚಹಾ ಕೊಟ್ಟು ಚೆನ್ನಾಗಿ ಬೈಯಬೇಕೆಂದಿದ್ದೇನೆ.)

ಇದರ ನಡುವೆ ಹೊಟ್ಟೆನೋವು. ಸ್ಕ್ಯಾನಿಂಗ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲು. "ತಡ ಮಾಡಬ್ಯಾಡ್ರಿ, ಸೋಂಕಾದ್ರ ಕಷ್ಟ" ಎಂದರು ಡಾಕ್ಟರು. ಆಪರೇಷನ್ನಿಗೆ ದಿನ ಗೊತ್ತಾಯಿತು, ಆಸ್ಪತ್ರೆ ನಮ್ಮ ಮನೆಗೆ ಹತ್ತಿರ, ಹಾಗಾಗಿ ಎರಡು ದಿನ ಮೊದಲೇ ನಮ್ಮಲ್ಲಿಗೆ ಬಂದಳು. ಬಂದವಳ ಷರತ್ತು ಒಂದೇ.

"ಮೊದಲ ನೀರು. ಆಮ್ಯಾಲ ಕತ್ತರಿ."

ನೀರು ಆಗದಿದ್ದರೆ ಮರುದಿನದ ಬಸ್ಸಿಗೆ ವಾಪಸ್ ಹೋಗುತ್ತೇನೆ ಎಂದಳು. ದೊಡ್ಡವ್ವ ಹೇಳಿದರೆ ಮಾಡುವವಳು. ನಾನು ಸಿಟ್ಟಾದೆ, ಪುಸಲಾಯಿಸಿದೆ, ಡಾಕ್ಟರ ಹೆಸರು ಹೇಳಿ ಹೆದರಿಸಿದೆ. ಯಾವುದೂ ನಡೆಯಲಿಲ್ಲ. ಕೊನೆಗೆ ನಮ್ಮ ಸಭೆಯ ಪಾಸ್ಟರಿಗೆ ಫೋನ್ ಮಾಡಿದೆ.

ಪಾಸ್ಟರ್ ನನಗಿಂತ ಚಿಕ್ಕವರು, ನಿಧಾನಸ್ಥರು. ಮರುದಿನ ಮಧ್ಯಾಹ್ನ ಬಂದರು. ಸುಮ್ಮನೆ ಮರ್ಯಾದೆಗೆಂದು ಸಂಪಿನ ಮುಚ್ಚಳ ತೆಗೆಸಿ ಒಳಗೆ ಇಣುಕಿಯೂ ನೋಡಿದರು. ಆಮೇಲೆ ಒಳಗೆ ಬಂದು ದೊಡ್ಡವ್ವನ ಎದುರು ಕೂತರು.

"ಅವ್ವಾರ, ನಾ ಮಾಡೂದಿಲ್ರಿ. ಇವತ್ತ ಮೂರನೇದು ಮಾಡಿದ್ರ ಮುಂದ ನಾಲ್ಕನೇದು ಕೇಳ್ತೀರಿ. ಕಿವಿಗಿ ನೀರು ಹತ್ತಲಿಲ್ಲ ಅಂತೀರಿ."

ದೊಡ್ಡವ್ವ ನಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆ ಎಂದು ತಿಳಿಯಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು. ಅವಳು ಅತ್ತಿದ್ದನ್ನು ನಾವು ನೋಡಿದ್ದೇ ಕಡಿಮೆ.

"ಹಂಗಾದ್ರ ನಾ ಹೆಂಗ ತಿಳ್ಕೋಬೇಕ್ರಿ ಅಯ್ಯನವರ? ಆ ಟೇಬಲ್ ಮ್ಯಾಲ ಕಣ್ಣು ಮುಚ್ಚತೀನಿ. ತೆರಿಲಿಲ್ಲ ಅನ್ಕೋರಿ. ಆ ಕಡಿ ಹೋಗಿ ನಿಂತ್ರ, ನೀ ಯಾರವಾ ಅಂದ್ರ ನಾ ಏನ್ ಹೇಳ್ಲಿ?"

ಪಾಸ್ಟರ್ ಹೇಳಬೇಕಾದ್ದನ್ನೆಲ್ಲ ಹೇಳಿದರು. ರಕ್ಷಣೆ ನಮ್ಮ ಸಾಧನೆ ಅಲ್ಲ, ಕೃಪೆ. ನೀರು ಗುರುತು ಮಾತ್ರ, ಮಾಡಿದವನು ಕ್ರಿಸ್ತ. ದೊಡ್ಡವ್ವ ಎಲ್ಲದಕ್ಕೂ ತಲೆ ಆಡಿಸಿದಳು. ಇದನ್ನೆಲ್ಲ ಹುಟ್ಟಿದಾಗಿನಿಂದ ಕೇಳಿದವಳು, ಬೇಕಾದರೆ ಅವಳೇ ಪ್ರಸಂಗ ಮಾಡುತ್ತಾಳೆ. ಗೊತ್ತಿರುವುದು ಬೇರೆ, ನಿಶ್ಚಯ ಬೇರೆ. ಬೀಗ ಹಾಕಿದ್ದೇವೆ ಎಂದು ನಮಗೆ ಗೊತ್ತಿರುತ್ತದೆ. ಆದರೂ ಸೂಪರ್ ಮಾರ್ಕೆಟ್ ತನಕ ಹೋದ ಆಟೋ ತಿರುಗಿಸಿಕೊಂಡು ಬಂದು ಬೀಗ ಜಗ್ಗಿ ನೋಡುವುದಿಲ್ಲವೇ? ಬೀಗ ಸರಿಯೇ ಇರುತ್ತದೆ. ಸರಿಯಿಲ್ಲದ್ದು ನಮ್ಮ ಮನಸ್ಸು. ಎಷ್ಟು ಸಲ ಜಗ್ಗಿದರೆ ಅದಕ್ಕೆ ಸಾಕಾಗುತ್ತದೆ ಹೇಳಿ?

ಆಗ ಅಡುಗೆಮನೆಯಿಂದ ಸುನೀತಾ ಹೊರಗೆ ಬಂದಳು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು.

ಸುನೀತಾ ದೊಡ್ಡವ್ವನ ಮಗಳು, ಆಪರೇಷನ್ನಿಗೆಂದು ಅವಳ ಜೊತೆಗೇ ಬಂದವಳು. ಹೆತ್ತ ಮಗಳಲ್ಲ, ಮೈದುನನ ಮಗಳು. ದೊಡ್ಡವ್ವನಿಗೆ ಮಕ್ಕಳಾಗಲಿಲ್ಲ. ಈ ಹುಡುಗಿ ಆಗಷ್ಟೇ ಸಾಲಿಗೆ ಸೇರಿದ್ದಾಗ ತಾಯಿ ತೀರಿಕೊಂಡಳು. "ಸೂಟಿ ಮುಗಿಯೂತನಕ ನಿಮ್ಮ ಹಂತ್ಯಾಕ ಇರಲಿ" ಎಂದು ತಂದೆ ತಂದು ಬಿಟ್ಟ. ರಜೆ ಮುಗಿಯಿತು. ತಂದೆ ಇನ್ನೊಂದು ಮದುವೆಯಾದ. ಹುಡುಗಿ ಅಲ್ಲೇ ಉಳಿದಳು. ಯಾರೂ ದತ್ತು ಎನ್ನಲಿಲ್ಲ, ಹಿರಿಯರು ಕೂಡಿ ಮಾತಾಡಲಿಲ್ಲ, ಸಭೆಯಲ್ಲಿ ಪ್ರಾರ್ಥನೆ ಮಾಡಿಸಲಿಲ್ಲ. ಈಗ ಕಮಲಾಪುರದಲ್ಲೇ ಹೈಸ್ಕೂಲ್ ಟೀಚರ್. ಬಾಯಿ ಜೋರು. ಅದು ಸಾಕಿದವಳಿಂದ ಬಂದದ್ದು.

"ಅವ್ವಾ, ನಾ ಯಾವತ್ತ ನಿನ್ನ ಮಗಳಾದೆ? ದಿನ ಹೇಳು."

ದೊಡ್ಡವ್ವನ ಅಳು ಗಕ್ಕನೆ ನಿಂತಿತು. ಸೆರಗು ಬಾಯಿಂದ ತೆಗೆದಳು. ಕಣ್ಣು ಕೆಂಪಾದವು.

"ಯಾರ್ ಏನಂದ್ರು ನಿನಗ?"

"ಯಾರೂ..."

"ಯಾವಾಕಿ ಅಂದಾಳ, ಹೆಸರು ಹೇಳು! ನನ್ನ ಮಗಳಿಗಿ ಮಗಳಲ್ಲ ಅನ್ನಾಕಿ ಯಾವಾಕಿ ಆಕಿ?"

ಎದ್ದೇ ನಿಂತಳು ಕಣ್ರೀ! ಹೊಟ್ಟೆಯಲ್ಲಿ ಕಲ್ಲು, ಮೊಣಕಾಲಲ್ಲಿ ನೋವು, ಒಂದು ನಿಮಿಷದ ಹಿಂದೆ ನರಕಕ್ಕೆ ಹೋಗುವ ಚಿಂತೆ. ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಮಲಾಪುರಕ್ಕೆ ಹೋಗಿ ಜಗಳ ಮಾಡಲು ತಯಾರು. ಪಾಸ್ಟರ್ ಕುರ್ಚಿ ಹಿಂದಕ್ಕೆ ಸರಿಸಿಕೊಂಡರು.

"ಯಾರೂ ಅಂದಿಲ್ಲವ್ವಾ, ಕೂಡು. ನಾನೇ ಕೇಳಕತ್ತೀನಿ. ನಮ್ಮಪ್ಪ ತಂದು ಬಿಟ್ಟ ದಿನಾನ? ಆತ ಒಯ್ಯಾಕ ಬಂದಾಗ ನೀ ಬಾಗಿಲಿಗಿ ಅಡ್ಡ ನಿಂತ್ಯಲ್ಲ, ಆವತ್ತೋ? ಇಲ್ಲಾ, ನಾ ದೊಡ್ಡವ್ವ ಅನ್ನೂದು ಬಿಟ್ಟು ಅವ್ವ ಅಂದೆ ನೋಡು, ಆವತ್ತೋ?"

ದೊಡ್ಡವ್ವ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು.

"ಯಾರಿಗಿ ಗೊತ್ತು. ದಿನ ನೋಡಿ ಯಾರರ ಮಗಳಾಗ್ತಾರೇನ? ಬಂದಿ, ಇದ್ದಿ, ನನ್ನಾಕಿ ಆದಿ."

"ದಿನ ಗೊತ್ತಿಲ್ಲ ಅಂದ್ರ ನಾ ಮಗಳಲ್ಲೇನ?"

"ಹುಚ್ಚಿ ಹಂಗ ಮಾತಾಡಬ್ಯಾಡ."

"ನಾ ಸಣ್ಣಾಕಿ ಇದ್ದಾಗ ನಿನ್ನ ಸೆರಗು ಹಿಡ್ಕೊಂಡೇ ಮಲಗ್ತಿದ್ದೆ, ಎಲ್ಲಿ ವಾಪಸ್ ಕಳಿಸ್ತೀಯೋ ಅಂತ. ನಿದ್ದಿ ಹತ್ತಿದ್ರ ಕೈ ಬಿಡ್ತಿತ್ತು. ಅಷ್ಟಕ್ಕ ನೀ ಕಳಿಸಿದ್ಯೇನ? ನಾ ಹಿಡದಿದ್ದಕ್ಕ ಉಳೀಲಿಲ್ಲವ್ವಾ ನಾ. ನೀ ಬಿಡಲಿಲ್ಲ ಅಂತ ಉಳದೀನಿ."

ಸುನೀತಾಳ ದನಿ ಇಳಿಯಿತು.

"ನೀ ಹೆರದ ಮಗಳಿಗೋಸ್ಕರ ಇಷ್ಟು ಜಗಳ ಆಡ್ತಿ. ನಿನ್ನ ಮಾಡಿದಾತ ನಿನಗಿಂತ ಕಡಿಮಿ ಅದಾನೇನ?"

ಪಾಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಇಂಥ ಹೊತ್ತಿನಲ್ಲಿ ಏನಾದರೂ ಹೇಳಿ ಕೆಡಿಸುವವಳು. ಅವತ್ತು ಕೆಡಿಸಲಿಲ್ಲ.

ದೊಡ್ಡವ್ವ ಅಡುಗೆಮನೆಯ ಕಡೆ ತಿರುಗಿ ಮೂಗು ಅರಳಿಸಿದಳು. "ಹಂಚಿನ ಮ್ಯಾಲ ರೊಟ್ಟಿ ಹೊತ್ತಕತ್ತದ ನೋಡು."

ಅಷ್ಟೇ. ಆಹಾ ಓಹೋ ಏನೂ ಇಲ್ಲ. ಆದರೆ ಸಂಪಿನ ಮಾತು ಮತ್ತೆ ಎತ್ತಲಿಲ್ಲ, ಬಸ್ಸಿನ ಮಾತೂ ಇಲ್ಲ. ಪಾಸ್ಟರ್ ಪ್ರಾರ್ಥನೆ ಮಾಡಿದರು. ಬಿಸಿ ರೊಟ್ಟಿ, ಪುಂಡಿಪಲ್ಲೆ ಊಟ ಮಾಡಿ ಹೋದರು.

ನನಗನಿಸುವುದು ಇಷ್ಟು. ನಾವು ಹಿಡಿತದ ಲೆಕ್ಕದಲ್ಲೇ ಬದುಕುತ್ತೇವೆ. ನಾನು ಸರಿಯಾಗಿ ನಂಬಿದೆನೇ? ಪ್ರಾರ್ಥನೆಯಲ್ಲಿ ಮನಸ್ಸು ಅತ್ತಿತ್ತ ಹೋಗಲಿಲ್ಲವೇ? ಪಶ್ಚಾತ್ತಾಪ ಪಟ್ಟಾಗ ಸಾಕಷ್ಟು ಅತ್ತೆನೇ? ನಂಬಿಕೆ ಎನ್ನುವುದೂ ಒಂದು ಪರೀಕ್ಷೆ ಆಗಿಬಿಟ್ಟಿದೆ, ರಿಸಲ್ಟ್ ಬಾರದ ಪರೀಕ್ಷೆ. ಕೂಟದಲ್ಲಿ ಗಂಟೆ, ಗಳಿಗೆ ಸಮೇತ ಸಾಕ್ಷಿ ಹೇಳಿದವರನ್ನು ನಾನು ಹಗುರ ಮಾಡುತ್ತಿಲ್ಲ. ಕೆಲವರ ಬದುಕಿನಲ್ಲಿ ಅಂಥ ದಿನ ಇರುತ್ತದೆ, ಅದು ದೊಡ್ಡದು. ಆದರೆ ಸದ್ದಿಲ್ಲದೆ ಮನೆಯವರಾಗಿಬಿಟ್ಟವರೂ ಇದ್ದಾರಲ್ಲ? ಅವರನ್ನು ಹೊರಗೆ ನಿಲ್ಲಿಸಿ ವಿಚಾರಣೆ ಮಾಡಲು ನಮ್ಮನ್ನು ಬಾಗಿಲಲ್ಲಿ ಕೂರಿಸಿದವರು ಯಾರು?

ಗುರುವಾರ ಬೆಳಿಗ್ಗೆ ಆಸ್ಪತ್ರೆಗೆ ಹೋದೆವು. ಹಸಿರು ಗೌನ್ ಹಾಕಿ, ಬಳೆ ತೆಗೆಸಿ, ಗಾಲಿ ಮಂಚದ ಮೇಲೆ ಮಲಗಿಸಿದರು. ನರ್ಸ್ ಕೇಳಿದಳು, "ಅಂಜಿಕಿ ಆಗ್ತದೇನ್ರಿ ಅಮ್ಮ?"

"ಆಗ್ತದವ್ವಾ. ಆಗಲ್ಲಂದ್ರ ಸುಳ್ಳು ಹೇಳಿದಂಗ ಆಗ್ತದ" ಎಂದಳು ದೊಡ್ಡವ್ವ. ಸುನೀತಾಳ ಕೈ ಗಟ್ಟಿಯಾಗಿ ಹಿಡಿದಿದ್ದಳು. ಥಿಯೇಟರ್ ಬಾಗಿಲು ಬಂದಾಗ ತಾನೇ ಬಿಟ್ಟಳು.

ಹೊರಗೆ ಕಾದ ಹೊತ್ತಿನ ಬಗ್ಗೆ ಬರೆಯುವುದಿಲ್ಲ. ಆಪರೇಷನ್ ಥಿಯೇಟರ್ ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಅದು ಗೊತ್ತು. ಸುನೀತಾ ಒಂದು ಹನಿ ನೀರೂ ಮುಟ್ಟಲಿಲ್ಲ.

ಮಧ್ಯಾಹ್ನ ವಾರ್ಡಿಗೆ ತಂದರು. ಎಲ್ಲ ಸರಿಯಾಗಿದೆ ಎಂದರು. ದೊಡ್ಡವ್ವ ನಿಧಾನಕ್ಕೆ ಕಣ್ಣು ಬಿಟ್ಟಳು. ಎಲ್ಲಿದ್ದೇನೆ ಎಂದು ಕೇಳಲಿಲ್ಲ, ಏನಾಯಿತು ಎಂದೂ ಕೇಳಲಿಲ್ಲ. ಮಗಳ ಮುಖ ನೋಡಿದಳು. ತುಟಿ ಒಣಗಿತ್ತು, ದನಿ ಹೊರಡುತ್ತಿರಲಿಲ್ಲ.

"ಉಂಡ್ಯೇನವ್ವಾ?"

ಸುನೀತಾ ಹೋ ಎಂದು ಅತ್ತಳು. ವಾರ್ಡಿನವರೆಲ್ಲ ತಿರುಗಿ ನೋಡಿದರು.

ಸಂಜೆ ಸ್ವಲ್ಪ ಚೇತರಿಸಿಕೊಂಡ ಮೇಲೆ, ನನ್ನ ಕೆಟ್ಟ ಕುತೂಹಲ ನೋಡಿ, ಕೇಳಿಯೇಬಿಟ್ಟೆ. "ದೊಡ್ಡವ್ವಾ, ಆ ಚಿಂತಿ ಈಗ ಹೋಯ್ತೇನ?"

"ಯಾವ ಚಿಂತಿ?" ಎಂದಳು, ನಿಜಕ್ಕೂ ಅರ್ಥವಾಗದವಳ ಹಾಗೆ. ಸುನೀತಾಳಿಗೆ ಬಿಸಿ ಚಹಾ ತರಿಸಲು ಹೇಳಿದಳು.

ನಾನು ನೆನಪು ಮಾಡಿಕೊಡಲಿಲ್ಲ. ನಿಶ್ಚಯ ಎಂದರೆ ಉತ್ತರ ಸಿಗುವುದಲ್ಲ, ಪ್ರಶ್ನೆಯೇ ಮರೆತುಹೋಗುವುದು ಇರಬಹುದಲ್ಲವೇ?