ತೊಳೆದ ಹಾಲಿನ ಪಾಕೀಟು

ಸವಣೂರಿನ ನಮ್ಮ ಓಣಿಯಲ್ಲಿ ಹಾಜರಾಬಿಯ ಮನೆ ನನ್ನ ಹಿಟ್ಟಿನ ಗಿರಣಿಯ ಎದುರಿಗೇ ಇದೆ. ಅವಳ ಗಂಡ ಅಕ್ಬರಸಾಬ ಬದುಕಿರುವವರೆಗೆ ಅದು ಎಲೆಯ ಮನೆ. ತೋಟದಿಂದ ವೀಳ್ಯದೆಲೆಯ ಬುಟ್ಟಿಗಳು ಬಂದು ಇಳಿಯುತ್ತಿದ್ದವು. ಹಾಜರಾಬಿ ಹೊಸ್ತಿಲ ಒಳಗೆ ಕೂತು ದೊಡ್ಡ ಎಲೆ, ಸಣ್ಣ ಎಲೆ, ಹರಿದ ಎಲೆ ಎಂದು ಬೇರೆ ಮಾಡುತ್ತಿದ್ದಳು. ಕಣ್ಣು ನಮ್ಮ ಮೇಲೆ, ಬಾಯಿ ಹರಟೆಯಲ್ಲಿ, ಕೈ ಮಾತ್ರ ತಪ್ಪುತ್ತಿರಲಿಲ್ಲ. ಹರಿದ ಎಲೆಯನ್ನು ಯಾರೂ ಕೊಳ್ಳುವುದಿಲ್ಲವಲ್ಲ, ಊಟವಾದ ಮೇಲೆ ಓಣಿಯ ಹೆಂಗಸರೆಲ್ಲ ಅದನ್ನು ಮೆಲ್ಲಲು ಅಲ್ಲಿಗೇ ಹೋಗುತ್ತಿದ್ದೆವು. ಅಕ್ಬರಸಾಬ ತೀರಿಕೊಂಡ ಮೇಲೆ ಬುಟ್ಟಿ ಬರುವುದು ನಿಂತಿತು, ನಾವು ಹೋಗುವುದೂ ನಿಂತಿತು. ಮಕ್ಕಳಿಲ್ಲದ ಮನೆ. ಯಾರೂ ಜಗಳವಾಡಿ ಬಿಟ್ಟದ್ದಲ್ಲ. ಹೋಗಲು ಕೆಲಸವಿರಲಿಲ್ಲ, ಅಷ್ಟೇ.

ಆಮೇಲೆ ಬಂದದ್ದು ಕಸದ ಕಾಯಿದೆ. ಪುರಸಭೆಯವರು ಮನೆಗೆ ಎರಡೆರಡು ಬಕೆಟ್ಟು ಕೊಟ್ಟರು, ಹಸಿರಿನದು ಹಸಿ ಕಸಕ್ಕೆ, ನೀಲಿಯದು ಒಣ ಕಸಕ್ಕೆ. ಬೆರೆಸಿದರೆ ಗಾಡಿ ಒಯ್ಯುವುದಿಲ್ಲ. ಮೊದಲು ರೇಗಿದವಳು ನಾನೇ. ಜೋಳ ಗೋದಿ ಬೆರೆಯದಂತೆ ಕಾಯುವುದರಲ್ಲೇ ಜನ್ಮ ಹೋಗಿದೆ, ಇನ್ನು ಸಿಪ್ಪೆಯನ್ನೂ ಕಾಯಬೇಕೇ ಎಂದು ಗಾಡಿಯ ಜಾಕೀರನಿಗೆ ಬೈದು ಕಳಿಸಿದೆ. ಆದರೆ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡಿದ್ದರಲ್ಲ, ಕೆಲಸ ಮಾಡಿದ್ದು ಅದು. ನನ್ನ ಮೊಮ್ಮಗಳು ಖಾಲಿ ಶಾಂಪೂ ಪಾಕೀಟನ್ನು ನನ್ನ ಕೈಯಿಂದ ಕಿತ್ತುಕೊಂಡು ನೀಲಿಗೆ ಹಾಕಿದಳು. ಯಾರಿಗೂ ಹೆದರದ ನಾನು ಅವಳಿಗೆ ಹೆದರಿದೆ. ಒಂದೊಂದೇ ಮನೆ ದಾರಿಗೆ ಬಂತು. ಉಳಿದದ್ದು ಹಾಜರಾಬಿಯದೊಂದೇ.

ಬೆರೆಸುವ ಮನೆಗಳಿಗೆ ತಿಳಿಸಿ ಹೇಳಲು ಮಹಿಳಾ ಸಂಘದವರು ಮಲ್ಲಿಕಾ ಎಂಬ ಹುಡುಗಿಯನ್ನು ನೇಮಿಸಿದ್ದರು. ಹತ್ತಿಮತ್ತೂರಿನಿಂದ ದಿನಾ ಬಸ್ಸಿಗೆ ಬರುವವಳು. ಹಾಜರಾಬಿಯ ಮನೆಯಲ್ಲಿ ಕಲಿಸುವ ಮಕ್ಕಳಿಲ್ಲ, ಅದಕ್ಕೇ ತಿಳಿಯುತ್ತಿಲ್ಲ ಎಂದು ಅವಳು ನಂಬಿದ್ದಳು.

"ಅವ್ವಾರ, ಸಿಪ್ಪಿ ಹಸರ ಬಕೆಟ್ನ್ಯಾಗ ಹಾಕ್ರಿ, ಪ್ಲಾಸ್ಟಿಕ್ ನೀಲ್ಯಾಗ. ನಿನ್ನೆನೂ ಹೇಳಿದ್ನಲ್ರಿ?"

"ಮರ್ತಬಿಟ್ಟೆ ನನ್ನವ್ವ. ಒಳಗ ಬಾ, ಕುಂತು ಹೇಳು. ಚಾ ಇಟ್ಟೇನಿ."

ಇದು ನಿತ್ಯದ ಮಾತು. ಪಾಪದ ಹುಡುಗಿ ಒಳಗೆ ಹೋಗಿ, ಮೊದಲಿನಿಂದ ಪಾಠ ಒಪ್ಪಿಸಿ, ಚಹಾ ಕುಡಿದು ಹೊರಡುತ್ತಿದ್ದಳು. ಮರುದಿನ ನೋಡಿದರೆ ಬದನೆಕಾಯಿ ತೊಟ್ಟಿನ ನಡುವೆ ಮತ್ತೆ ಪ್ಲಾಸ್ಟಿಕ್ಕು. ಪೂರಾ ಸರಿಯಾದ ಓಣಿಗಳ ಹೆಸರನ್ನು ಪುರಸಭೆಯ ಫಲಕದಲ್ಲಿ ಬರೆಯುತ್ತಿದ್ದರು. ನಮ್ಮದು ಇರಲಿಲ್ಲ. ನನಗೆ ಮೈಯೆಲ್ಲ ಉರಿ. ಗಿರಣಿಯಿಂದಲೇ ಹಾಜರಾಬಿಗೆ ಕೇಳುವಂತೆ ಬಯ್ಯುತ್ತಿದ್ದೆ, ಅವಳು ಕೇಳಿಸಿಕೊಂಡು ಒಳಗೆ ಹೋಗುತ್ತಿದ್ದಳು.

ಒಂದು ದಿನ ಮಲ್ಲಿಕಾ ಅತ್ತು ಕಣ್ಣು ಕೆಂಪು ಮಾಡಿಕೊಂಡು ಗಿರಣಿಗೆ ಬಂದಳು. ಒಂದು ಮನೆಗೂ ಕಲಿಸಲಾಗದವಳನ್ನು ಇಟ್ಟುಕೊಂಡು ಏನು ಮಾಡುವುದು, ಈ ತಿಂಗಳು ಓಣಿ ಸರಿಯಾಗದಿದ್ದರೆ ಬಿಡಿಸುತ್ತೇವೆ ಎಂದು ಸಂಘದಲ್ಲಿ ಹೇಳಿದ್ದರಂತೆ. ಹಾಜರಾಬಿಯ ಹಸಿರು ಬಕೆಟ್ಟಿನಿಂದ ಆಗತಾನೇ ತೆಗೆದ ಹಾಲಿನ ಪಾಕೀಟು ಅವಳ ಕೈಯಲ್ಲಿತ್ತು.

"ಇದನ್ನ ನೋಡ್ರಿ ವೀರವ್ವಾರ. ತೊಳದಾರ, ಒಣಗಿಸ್ಯಾರ, ಬರೋಬ್ಬರಿ ಮಡಚ್ಯಾರ. ಆಮ್ಯಾಲೆ ಸಿಪ್ಪ್ಯಾಗ ಹಾಕ್ಯಾರ. ಗೊತ್ತಿಲ್ಲದವರು ಪಾಕೀಟ ತೊಳೀತಾರೇನ್ರಿ?"

ನಾನು ಪಾಕೀಟು ಕಸಿದುಕೊಂಡು ಎದುರು ಮನೆಗೆ ನಡೆದೆ. ಇವತ್ತು ಇವಳ ಚಳಿ ಬಿಡಿಸಿಯೇ ಬರುವುದೆಂದು ಹೊರಟವಳು ಒಳಗೆ ಕಾಲಿಟ್ಟು ಹಾಗೇ ನಿಂತೆ. ಬಟ್ಟೆಯ ಹಗ್ಗದ ಮೇಲೆ ಅವಳ ಒಂದೇ ಒಂದು ಸೀರೆ. ಪಕ್ಕದಲ್ಲಿ ಇನ್ನೆರಡು ತೊಳೆದ ಪಾಕೀಟು ಒಣಗುತ್ತಿದ್ದವು. ಎಲೆಯ ಬುಟ್ಟಿಗಳಿದ್ದ ಜಾಗ ಗುಡಿಸಿ ಖಾಲಿ ಬಿದ್ದಿತ್ತು. ಅಕ್ಬರಸಾಬನ ಮಣ್ಣಿಗೆ ಬಂದವಳು ಮತ್ತೆ ಆ ಮನೆಯ ಹೊಸ್ತಿಲು ದಾಟಿದ್ದು ಆವತ್ತೇ.

"ಏನ ಹಾಜರಾಬಿ, ಬೇಕಂತ ಬೆರಸ್ತೀಯೇನು?"

ಅವಳು ಸುಳ್ಳು ಹೇಳಲಿಲ್ಲ. "ಸರಿ ಹಾಕಿದ ಮನಿಗೆ ಯಾರ ಬರ್ತಾರ ವೀರವ್ವ? ನಿಮ್ಮನಿಗೆ ಬಂದಾಳೇನು ಆಕಿ?"

"ಇಲ್ಲ."

"ಆಕಿ ಇರೂದು ಗಳಿಗಿ ಹೊತ್ತು. ಅಷ್ಟರಾಗ ನನ್ನ ದನಿ ನನಗ ಕೇಳಸ್ತೈತಿ."

ಆದರೂ ಹೇಳಲೇಬೇಕಾದದ್ದನ್ನು ಹೇಳಿದೆ. "ನಿನ್ನ ಸಲುವಾಗಿ ಆ ಹುಡುಗಿ ಕೆಲಸ ಹೋಗಾಕತ್ತೈತಿ."

ಹಾಜರಾಬಿ ನನ್ನ ಕೈಯಿಂದ ಪಾಕೀಟು ತೆಗೆದುಕೊಂಡಳು. ಅದನ್ನು ಮತ್ತೆ ತೊಳೆದು ಹಗ್ಗಕ್ಕೆ ಹಾಕಿದಳು.

ಮರುದಿನ ಬೆಳಿಗ್ಗೆ ಎರಡು ಬಕೆಟ್ಟೂ ಹೊಸ್ತಿಲ ಮುಂದೆ ಇದ್ದವು. ಹಸಿರಿನಲ್ಲಿ ಹಸಿ, ನೀಲಿಯಲ್ಲಿ ಒಣ. ಎಲೆ ಆರಿಸಿದ ಕೈ, ಒಂದು ಚೂರೂ ಆಚೀಚೆ ಆಗಿರಲಿಲ್ಲ. ಜಾಕೀರ ಎರಡನ್ನೂ ಸುರುವಿಕೊಂಡ. ಮಲ್ಲಿಕಾ ಬಾಗಿಲಲ್ಲೇ ನಿಂತಳು, ಒಳಗೆ ಹೋಗಲೋ ಬೇಡವೋ ಎಂದು.

"ಇವತ್ತ ಚಾ ಇಟ್ಟಿಲ್ಲವ್ವ," ಎಂದಳು ಹಾಜರಾಬಿ. "ಹೋಗು, ಗಾಡಿ ಮುಂದ ಹೊಂಟೈತಿ."

ಒಲೆಯ ಮೇಲೆ ಚಹಾ ಕುದಿಯುವ ವಾಸನೆ ನನ್ನ ಗಿರಣಿಯವರೆಗೂ ಬರುತ್ತಿತ್ತು.

ತಿಂಗಳು ಮುಗಿಯಿತು. ನಮ್ಮ ಓಣಿಯ ಹೆಸರು ಫಲಕದ ಮೇಲೆ ಬಂತು, ಮಲ್ಲಿಕಾಳ ಕೆಲಸ ಉಳಿಯಿತು. ಇಲ್ಲಿ ಕಲಿಸುವುದೇನೂ ಉಳಿದಿರಲಿಲ್ಲವಾದ್ದರಿಂದ ಅವಳನ್ನು ಶಿಗ್ಗಾಂವದ ಓಣಿಗಳಿಗೆ ಕಳಿಸಿದರು. ಹೋಗುವ ಮುಂಚೆ ಬಂದು ಹಾಜರಾಬಿಯ ಕೈ ಹಿಡಿದುಕೊಂಡಳು. ಇಬ್ಬರೂ ಕಸದ ಮಾತು ಎತ್ತಲಿಲ್ಲ.

ಈಗ ಗಾಡಿ ಬರುತ್ತದೆ, ಜಾಕೀರ "ಬರೋಬ್ಬರಿ ಐತ್ರಿ" ಎಂದು ಬಕೆಟ್ಟು ವಾಪಸು ಕೊಟ್ಟು ಹೊರಡುತ್ತಾನೆ. ಅವನನ್ನು ಅನ್ನುವಂತಿಲ್ಲ, ಸರಿಯಿದ್ದ ಕಡೆ ನಿಂತು ಮಾತಾಡಲು ಏನಿದೆ? ಗಾಡಿ ತಿರುವು ದಾಟುವವರೆಗೆ ಹಾಜರಾಬಿ ಖಾಲಿ ಬಕೆಟ್ಟು ಹಿಡಿದು ನಿಂತಿರುತ್ತಾಳೆ. ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ. ಒಂದು ದಿನ ಕೂಗಿದೆ:

"ಏ ಹಾಜರಾಬಿ, ಗಿರಣಿಗೆ ಬಾ. ಕುಂದ್ರ ಬಾ."

"ಬೀಸೂದು ಏನೂ ಇಲ್ಲ ವೀರವ್ವ," ಎಂದು ಅವಳು ಒಳಗೆ ಹೋಗಿಬಿಟ್ಟಳು. ಕೆಲಸವಿಲ್ಲದೆ ಒಬ್ಬರ ಬಾಗಿಲಿಗೆ ಹೋಗಬಾರದೆಂದು ಅವಳಿಗೆ ಕಲಿಸಿದವರು ನಾವೇ.

ಮರುದಿನ ಬಂದಳು. ಸೆರಗಿನಲ್ಲಿ ಒಂದು ಬೊಗಸೆ ಜೋಳ ಕಟ್ಟಿಕೊಂಡಿದ್ದಳು. ನಾನು ಅದನ್ನು ನೋಡಿ, ಹುಟ್ಟು ಬುದ್ಧಿಯಂತೆ, ರೇಗಿದೆ.

"ಇಷ್ಟಕ್ಕ ಗಿರಣಿ ಚಾಲೂ ಮಾಡಿದ್ರ ಕಲ್ಲಿಗೇ ಸಾಲಂಗಿಲ್ಲ. ಮತ್ತ ಯಾರರ ಜ್ವಾಳ ತರೂತನಕ ಕಾಯಬೇಕ ನೋಡು."

"ಗೊತ್ತೈತಿ," ಎಂದು ಅವಳು ಕಟ್ಟೆಯ ಮೇಲೆ ಕೂತಳು. "ಅದಕ್ಕ ಇಷ್ಟ ತಂದೇನಿ."